ಮುಟ್ಟಿನ ಮುಂಚಿನ ವಾರಕ್ಕೆ ಅಗಸಿ, ಸೋಯಾ: ಯಾವ ತೊಂದರೆಗೆ, ಎಷ್ಟು, ಹೇಗೆ

ಧಾರವಾಡದಲ್ಲಿ ನನ್ನದೊಂದು ಔಷಧದಂಗಡಿ. ಕೌಂಟರಿನಲ್ಲಿ ಹೆಣ್ಣುಮಗಳು ಕೂತಿರುತ್ತಾಳೆ ಎಂಬ ಕಾರಣಕ್ಕೇ ಹುಡುಕಿಕೊಂಡು ಬರುವವರಿದ್ದಾರೆ. ಅಂಗಡಿಯಲ್ಲಿದ್ದ ಗಂಡಸರು ಹೋಗುವ ತನಕ ಕಾದು, ಆಮೇಲೆ ದನಿ ತಗ್ಗಿಸಿ ಕೇಳುತ್ತಾರೆ: "ಅಕ್ಕಾರ, ಹೊರಗಾಗೂಕಿಂತ ಮೊದಲ ಎಂಟ ದಿನ ಎದಿ ಬಿಗೀತಾವ್ರಿ, ತಲಿ ಸಿಡೀತದ, ಮಕ್ಕಳ ಮ್ಯಾಲೆ ಹರಿಹಾಯ್ತೀನಿ. ಸೋಯಾದ್ದು ಗುಳಿಗಿ ಬಂದಾವಂತಲ್ರಿ, ಅವನ್ನ ಕೊಡ್ರಿ."

ಗುಳಿಗೆ ಕೊಟ್ಟು ಕಳಿಸಲು ಎರಡು ನಿಮಿಷ ಸಾಕು. ಆದರೆ ಆಕೆ ಒಂದೇ ಉಸಿರಿನಲ್ಲಿ ಹೇಳಿದ ಮೂರು ತೊಂದರೆಗಳಲ್ಲಿ, ಸೋಯಾ, ಅಗಸಿಯಲ್ಲಿದ್ದು ಹೆಣ್ಣಿನ ಹಾರ್ಮೋನಿನಂತೆ ವರ್ತಿಸುವ ಸಸ್ಯದ ಈಸ್ಟ್ರೋಜೆನ್‌ನಿಂದ ಉಪಯೋಗವಾಗಬಹುದು ಎನ್ನಲು ಆಧಾರ ಇರುವುದು ಮೊದಲಿನ ಎರಡಕ್ಕೆ ಮಾತ್ರ, ಅದೂ ಸ್ವಲ್ಪವೇ. ಸಿಟ್ಟು, ಅಳು, ಖಿನ್ನತೆಗೆ ಅಂಥ ಆಧಾರ ಕಾಣುವುದಿಲ್ಲ. ಇದನ್ನು ಮೊದಲೇ ತಿಳಿದುಕೊಂಡು ಶುರು ಮಾಡಿದವರಿಗೆ ಮೂರು ತಿಂಗಳಲ್ಲಿ ಒಂದು ಸ್ಪಷ್ಟ ಉತ್ತರ ಸಿಗುತ್ತದೆ. ತಿಳಿಯದೆ ಶುರು ಮಾಡಿದವರು ಡಬ್ಬಿಯ ಮೇಲೆ ಡಬ್ಬಿ ಖಾಲಿ ಮಾಡುತ್ತಲೇ ಇರುತ್ತಾರೆ.

ಇವು ಒಳಗೆ ಮಾಡುವ ಕೆಲಸ

1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕುರಿಗಾರರಿಗೆ ಒಂದು ವಿಚಿತ್ರ ಸಮಸ್ಯೆ ಎದುರಾಯಿತು. ಒಂದು ಜಾತಿಯ ಕ್ಲೋವರ್ ಹುಲ್ಲು ಮೇಯ್ದ ಕುರಿಗಳು ಗಬ್ಬವಾಗದೆ ಉಳಿಯತೊಡಗಿದವು. ಕಾರಣ ಹುಡುಕಿದಾಗ ಸಿಕ್ಕಿದ್ದು ಹುಲ್ಲಿನಲ್ಲಿದ್ದ, ಈಸ್ಟ್ರೋಜೆನ್‌ನಂತೆ ವರ್ತಿಸುವ ಐಸೋಫ್ಲೇವೋನ್‌ಗಳು. ಅದೇ ಗುಂಪಿನ ಜೆನಿಸ್ಟೀನ್, ಡೈಡ್ಜೀನ್ ಎಂಬ ವಸ್ತುಗಳು ಸೋಯಾಬೀನ್‌ನಲ್ಲಿವೆ. ಅಗಸಿ ಮತ್ತು ಎಳ್ಳಿನಲ್ಲಿರುವುದು ಲಿಗ್ನಾನ್ ಎಂಬ ಇನ್ನೊಂದು ಗುಂಪು. ಕುರಿಯ ಕಥೆ ಕೇಳಿ ಗಾಬರಿಯಾಗಬೇಡಿ. ಆ ಕುರಿಗಳು ಬೆಳಗಿನಿಂದ ಸಂಜೆಯವರೆಗೆ ತಿಂದದ್ದು ಅದೊಂದನ್ನೇ.

ನಮ್ಮ ದೇಹದಲ್ಲಿ ಈಸ್ಟ್ರೋಜೆನ್ ಬಂದು ಕೂರುವ ಜಾಗಗಳು ಎರಡು ಬಗೆಯವು, ಆಲ್ಫಾ ಮತ್ತು ಬೀಟಾ. ಬೀಟಾ ಪತ್ತೆಯಾದದ್ದು 1996ರಲ್ಲಿ, ಸ್ವೀಡನ್ನಿನಲ್ಲಿ. ಸೋಯಾದ ಜೆನಿಸ್ಟೀನ್ ಹೆಚ್ಚಾಗಿ ಹೋಗಿ ಕೂರುವುದು ಈ ಬೀಟಾದಲ್ಲಿ. ನಮ್ಮ ಸ್ವಂತ ಈಸ್ಟ್ರೋಜೆನ್‌ಗೆ ಹೋಲಿಸಿದರೆ ಅದರ ಬಲ ಬಹಳ ಕಡಿಮೆ. ಹಾಗಾಗಿ ಒಂದು ಕಡೆ ಸ್ವಲ್ಪ ಈಸ್ಟ್ರೋಜೆನ್‌ನಂತೆ ಕೆಲಸ ಮಾಡುತ್ತದೆ, ಇನ್ನೊಂದು ಕಡೆ ಬಲವಾದ ಈಸ್ಟ್ರೋಜೆನ್ ಕೂರಬೇಕಾದ ಜಾಗವನ್ನು ತಾನು ಹಿಡಿದುಕೊಂಡು ಅದರ ಅಬ್ಬರ ತಗ್ಗಿಸುತ್ತದೆ.

"ನಿಮ್ಮಲ್ಲಿ ಈಸ್ಟ್ರೋಜೆನ್ ಕಡಿಮೆಯಾಗಿದೆ, ಅದಕ್ಕೇ ಹೀಗೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯವರು 1998ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಮೊದಲು ಔಷಧ ಕೊಟ್ಟು ಅಂಡಾಶಯದ ಕೆಲಸ ನಿಲ್ಲಿಸಿದರು. ಆಮೇಲೆ ಈಸ್ಟ್ರೋಜೆನ್ ಅಥವಾ ಪ್ರೊಜೆಸ್ಟೆರಾನ್ ಎಂಬ ಇನ್ನೊಂದು ಹೆಣ್ಣು ಹಾರ್ಮೋನು ಕೊಟ್ಟು ನೋಡಿದರು. ಮೊದಲಿನಿಂದ ತೊಂದರೆ ಇದ್ದವರಲ್ಲಿ ಲಕ್ಷಣಗಳು ಮರಳಿದವು. ತೊಂದರೆ ಇಲ್ಲದವರಿಗೆ ಅದೇ ಹಾರ್ಮೋನು, ಅದೇ ಪ್ರಮಾಣದಲ್ಲಿ ಕೊಟ್ಟರೂ ಏನೂ ಆಗಲಿಲ್ಲ. ಅಂದರೆ ಹಾರ್ಮೋನು ಎಲ್ಲರಲ್ಲೂ ಸಹಜವಾಗಿಯೇ ಏರಿ ಇಳಿಯುತ್ತದೆ, ಕೆಲವರ ಮಿದುಳು ಆ ಏರಿಳಿತವನ್ನು ತಾಳಿಕೊಳ್ಳುವುದಿಲ್ಲ. ಇದು ಸೋಮಾರಿತನವೂ ಅಲ್ಲ, ಸೊಕ್ಕೂ ಅಲ್ಲ. ಮನೆಯಲ್ಲಿ ಅತ್ತೆ, ಗಂಡ ಯಾರಾದರೂ ಹಾಗೆ ಅಂದರೆ ಈ ಮಾತನ್ನು ಅವರಿಗೂ ಓದಿ ಹೇಳಿ.

ಮೊದಲು ಕ್ಯಾಲೆಂಡರ್

ಯಾವುದನ್ನೂ ತಿನ್ನಲು ಶುರು ಮಾಡುವ ಮೊದಲು ಎರಡು ತಿಂಗಳು ಬರೆದಿಡಿ. ಅಡುಗೆಮನೆಯ ಗೋಡೆಗೆ ತೂಗುವ ಕ್ಯಾಲೆಂಡರ್ ಸಾಕು, ನಾಚಿಕೆ ಎನಿಸಿದರೆ ಸಣ್ಣ ನೋಟ್‌ಬುಕ್ಕು. ರಾತ್ರಿ ಮಲಗುವ ಮೊದಲು ಎದೆನೋವು (ಮೊಲೆಗಳ ಬಿಗಿತ, ನೋವು), ತಲೆನೋವು, ಬಾವು, ಮನಸ್ಸು, ಈ ನಾಲ್ಕಕ್ಕೆ ಒಂದೊಂದು ಅಂಕೆ ಹಾಕಿ. ಇಲ್ಲವೇ ಇಲ್ಲ ಎಂದರೆ 0, ಕೆಲಸ ನಿಲ್ಲಿಸುವಷ್ಟಿದ್ದರೆ 3. ಮುಟ್ಟು ಶುರುವಾದ ದಿನಕ್ಕೆ ಸುತ್ತು ಹಾಕಿ. ತಿಂಗಳ ಕೊನೆಯಲ್ಲಿ ಕೂತು ನೆನಪಿನಿಂದ ತುಂಬಿಸಿದರೆ ಉಪಯೋಗವಿಲ್ಲ. ಕೆಟ್ಟ ದಿನ ಮಾತ್ರ ನೆನಪಿರುತ್ತದೆ.

ಎರಡು ತಿಂಗಳಾದ ಮೇಲೆ ನೋಡಿ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಅಂಕೆ ಏರಿ, ಮುಟ್ಟು ಬಂದು ನಾಲ್ಕು ದಿನದೊಳಗೆ ಇಳಿದು, ಮುಂದಿನ ವಾರ ಪೂರ್ತಿ ಸೊನ್ನೆಯ ಹತ್ತಿರ ಇದ್ದರೆ ಅದು ಮುಟ್ಟಿನ ಮುಂಚಿನ ತೊಂದರೆಯೇ. ತಿಂಗಳಿಡೀ ಅಂಕೆ ಹೆಚ್ಚಿದ್ದರೆ ಬೇರೇನೋ ಇದೆ. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ನಮ್ಮ ದೇಶದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ 57 ಶೇಕಡಾ ಮಂದಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಆ ಸುಸ್ತನ್ನು ಅಗಸಿಯಿಂದ ಓಡಿಸಲಾಗದು.

ಇನ್ನೊಂದು ಗೊಂದಲ ದಿನವೂ ನೋಡುತ್ತೇನೆ. ಮುಟ್ಟಾದ ಮೇಲೆ, ಮೊದಲೆರಡು ದಿನ ಕಿಬ್ಬೊಟ್ಟೆ ಹಿಂಡುವ ನೋವೇ ಕೆಲವರಿಗೆ ದೊಡ್ಡ ತೊಂದರೆ. ಅದು ಪ್ರೊಸ್ಟಾಗ್ಲ್ಯಾಂಡಿನ್ ಎಂಬ ವಸ್ತುವಿನ ಕೆಲಸ, ಅದಕ್ಕೆ ಮಾಡಬೇಕಾದ್ದೇ ಬೇರೆ. ಆ ನೋವು ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗುತ್ತಿದ್ದರೆ, ಗಂಡನ ಜೊತೆ ಕೂಡುವಾಗ ನೋವಿದ್ದರೆ, ರಕ್ತ ವಿಪರೀತ ಹೋಗುತ್ತಿದ್ದರೆ ಇದನ್ನೆಲ್ಲ ಬದಿಗಿಟ್ಟು ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ.

ಎದೆನೋವು ಮುಖ್ಯವಾಗಿದ್ದರೆ ಅಗಸಿ

ನಿಮ್ಮ ಪಟ್ಟಿಯಲ್ಲಿ ಎದೆನೋವಿನ ಅಂಕೆಯೇ ಎಲ್ಲಕ್ಕಿಂತ ದೊಡ್ಡದಿದ್ದರೆ ಅಗಸಿಯಿಂದ ಶುರು ಮಾಡಿ. ಕೆನಡಾದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಸಂಘವು 2006ರ ಮಾರ್ಗಸೂಚಿಯಲ್ಲಿ, ಮುಟ್ಟಿನ ಚಕ್ರಕ್ಕೆ ತಕ್ಕಂತೆ ಬಂದುಹೋಗುವ ಎದೆನೋವಿಗೆ ಮೊದಲ ಉಪಚಾರವಾಗಿ ಅಗಸಿಯನ್ನು ಪರಿಗಣಿಸಬೇಕು ಎಂದಿದೆ. ಅದಕ್ಕೆ ಆಧಾರವಾದ ಅಧ್ಯಯನದಲ್ಲಿ ಹೆಂಗಸರು ದಿನಕ್ಕೆ 25 ಗ್ರಾಂ ಅಗಸಿ ತಿಂದಿದ್ದರು.

ಉತ್ತರ ಕರ್ನಾಟಕದ ನಮಗೆ ಅಗಸಿ ಹೊಸದೇನೂ ಅಲ್ಲ, ರೊಟ್ಟಿ ಜೊತೆ ಅಗಸಿ ಹಿಂಡಿ (ಚಟ್ನಿಪುಡಿ) ಇದ್ದೇ ಇರುತ್ತದೆ. ಆದರೆ 25 ಗ್ರಾಂ ಅಗಸಿಯನ್ನು ದಿನವೂ ಹಿಂಡಿಯ ರೂಪದಲ್ಲೇ ತಿಂದರೆ ಅದರ ಜೊತೆ ಉಪ್ಪೂ ಖಾರವೂ ಹೊಟ್ಟೆಗೆ ಹೋಗುತ್ತವೆ. ಕೈಕಾಲು ಬಾಯುವ ದಿನಗಳಲ್ಲಿ ಹೆಚ್ಚಿನ ಉಪ್ಪು ಬೇಡ. ಹಿಂಡಿಯನ್ನು ರುಚಿಗೆ ಇಟ್ಟುಕೊಳ್ಳಿ, ಈ ಕೆಲಸಕ್ಕೆ ಉಪ್ಪು ಹಾಕದ ಪುಡಿ ಬೇರೆ ಮಾಡಿ.

ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಚಟಪಟ ಅನ್ನುವವರೆಗೆ ಹುರಿಯಿರಿ. ಕಪ್ಪಾಗಲು ಬಿಡಬೇಡಿ. ಹಸಿ ಅಗಸಿಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಸ್ವಲ್ಪ ಇರುತ್ತದೆ, ಹುರಿದರೆ ಕಡಿಮೆಯಾಗುತ್ತದೆ. ಲಿಗ್ನಾನ್ ಅಷ್ಟು ಬಿಸಿಗೆ ಹಾಳಾಗುವುದಿಲ್ಲ. ಪೂರ್ತಿ ಆರಿದ ಮೇಲೆ ಮಿಕ್ಸಿಗೆ ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಇಲ್ಲದಿದ್ದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ವಾರಕ್ಕೆ ಬೇಕಾದಷ್ಟನ್ನೇ ಪುಡಿ ಮಾಡಿ ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ. ಬಣ್ಣದ ವಾಸನೆ ಬಂದರೆ ಕಮಟಿದೆ ಎಂದರ್ಥ, ಚೆಲ್ಲಿಬಿಡಿ. ಇಡೀ ಬೀಜ ನುಂಗಿದರೆ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಅಗಸಿ ಎಣ್ಣೆಯ ಕ್ಯಾಪ್ಸೂಲ್‌ಗಳಲ್ಲಿ ಒಮೇಗಾ 3 ಇದೆ, ಲಿಗ್ನಾನ್ ಇಲ್ಲವೆನ್ನುವಷ್ಟು ಕಡಿಮೆ. ಈ ಉದ್ದೇಶಕ್ಕೆ ಅವನ್ನು ಕೊಳ್ಳಬೇಡಿ ಎಂದು ನಾನೇ ಅಂಗಡಿಯಲ್ಲಿ ಹೇಳುತ್ತೇನೆ.

ಮೊದಲ ವಾರ ದಿನಕ್ಕೆ ಒಂದು ದೊಡ್ಡ ಚಮಚ, ಅಂದರೆ ಸುಮಾರು 7 ಗ್ರಾಂ. ಹೊಟ್ಟೆ ಉಬ್ಬರಿಸದಿದ್ದರೆ ಎರಡನೇ ವಾರ ಎರಡು ಚಮಚ, ಮೂರನೇ ವಾರದಿಂದ ಮೂರು, ಮೂರೂವರೆ. ಜೋಳದ ಹಿಟ್ಟು ನಾದುವಾಗ ಸೇರಿಸಬಹುದು. ಮೊಸರಿಗೆ, ಗಟ್ಟಿ ಮಜ್ಜಿಗೆಗೆ, ರಾಗಿ ಅಂಬಲಿಗೆ ಕಲಸಬಹುದು. ಚಮಚಕ್ಕೊಂದು ಲೋಟದಂತೆ ನೀರು ಕುಡಿಯಲೇಬೇಕು. ಅಗಸಿ ನೀರು ಹೀರಿ ಉಬ್ಬುತ್ತದೆ, ನೀರಿಲ್ಲದೆ ತಿಂದರೆ ಮಲ ಕಟ್ಟುತ್ತದೆ. ಮಾತ್ರೆ ಯಾವುದೇ ಇರಲಿ, ಅಗಸಿಗೂ ಅದಕ್ಕೂ ಎರಡು ತಾಸು ಅಂತರ ಇಡಿ.

ಮುಟ್ಟಿನ ಮುಂಚಿನ ವಾರ ಮಾತ್ರ ತಿಂದರೆ ಸಾಲದು, ತಿಂಗಳಿಡೀ ತಿನ್ನಬೇಕು. ಲಿಗ್ನಾನ್ ಅಗಸಿಯಲ್ಲಿರುವ ರೂಪದಲ್ಲೇ ಕೆಲಸ ಮಾಡುವುದಿಲ್ಲ. ಹಾಲು ಹೆಪ್ಪು ಹಾಕಿದ ಮೇಲೆ ಮೊಸರಾಗುವಂತೆ, ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಎಂಟೆರೋಲ್ಯಾಕ್ಟೋನ್ ಆಗಿ ಮಾರ್ಪಡಿಸಬೇಕು. ಇಲ್ಲೇ ನನ್ನ ಅಂಗಡಿಯ ಅನುಭವ ಒಂದು ಮಾತು ಹೇಳಿಸುತ್ತದೆ. ನಡುವೆ ಆಂಟಿಬಯಾಟಿಕ್ ತೆಗೆದುಕೊಂಡಿದ್ದರೆ ಆ ಬ್ಯಾಕ್ಟೀರಿಯಾಗಳೂ ಸಾಯುತ್ತವೆ, ರಕ್ತದಲ್ಲಿ ಎಂಟೆರೋಲ್ಯಾಕ್ಟೋನ್ ಇಳಿಯುತ್ತದೆ. ಗಂಟಲು ನೋವಿಗೆ, ಹಲ್ಲಿಗೆ ಎಂದು ಕೋರ್ಸ್ ಮುಗಿಸಿದ ತಿಂಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕ್ಯಾಲೆಂಡರಿನಲ್ಲಿ ಅದನ್ನೂ ಬರೆದಿಡಿ.

ಎಳ್ಳಿನಲ್ಲೂ ಲಿಗ್ನಾನ್ ಇದೆ. ಎಳ್ಳು ಉಷ್ಣ, ತಿಂದರೆ ಮುಟ್ಟು ಬೇಗ ಬರುತ್ತದೆ ಎಂದು ನಮ್ಮವ್ವನೂ ಹೇಳುತ್ತಿದ್ದಳು. ಅಡುಗೆಯಲ್ಲಿ ಹಾಕುವ ಎಳ್ಳಿಗೆ ಹೆದರಬೇಕಾಗಿಲ್ಲ. ಈಚೆಗೆ ಮೊಬೈಲಿನಲ್ಲಿ ತೋರಿಸುವ ಕ್ರಮ ಒಂದಿದೆ: ಮುಟ್ಟಾದ ಮೊದಲ ಹದಿನಾಲ್ಕು ದಿನ ಅಗಸಿ ಮತ್ತು ಕುಂಬಳ ಬೀಜ, ಆಮೇಲೆ ಎಳ್ಳು ಮತ್ತು ಸೂರ್ಯಕಾಂತಿ ಬೀಜ. ಬೀಜಗಳು ಒಳ್ಳೆಯವೇ. ಹಾಗೆ ಹದಿನಾಲ್ಕು ದಿನಕ್ಕೊಮ್ಮೆ ಬದಲಾಯಿಸುವುದರಿಂದ ಮುಟ್ಟಿನ ಮುಂಚಿನ ತೊಂದರೆ ಹೆಚ್ಚು ಇಳಿಯುತ್ತದೆ ಎನ್ನಲು ಆಧಾರವಿಲ್ಲ. ಒಂದನ್ನೇ ಹಿಡಿದರೆ ಏನು ಕೆಲಸ ಮಾಡಿತು ಎಂಬುದಾದರೂ ತಿಳಿಯುತ್ತದೆ.

ತಲೆನೋವು, ಬಾವು ಇದ್ದರೆ ಸೋಯಾ

2005ರಲ್ಲಿ ಬ್ರಿಟನ್ನಿನ ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನವನ್ನು ನಾನು ಮುಖ್ಯವಾಗಿ ನೆಚ್ಚಿಕೊಂಡಿದ್ದೇನೆ. ಮೊದಲೇ ದಿನಚರಿ ಬರೆಸಿ ತೊಂದರೆ ಖಚಿತಪಡಿಸಿಕೊಂಡ 23 ಹೆಂಗಸರು. ಕೆಲವು ಚಕ್ರ ದಿನಕ್ಕೆ 68 ಮಿಲಿಗ್ರಾಂ ಸೋಯಾ ಐಸೋಫ್ಲೇವೋನ್, ಕೆಲವು ಚಕ್ರ ಅದಿಲ್ಲದ ಪುಡಿ, ಯಾವುದು ಯಾವಾಗ ಎಂದು ಅವರಿಗೆ ಗೊತ್ತಿರಲಿಲ್ಲ. ಒಟ್ಟು ಲಕ್ಷಣಗಳು ಎರಡರಲ್ಲೂ ಇಳಿದವು. ಆದರೆ ಸೋಯಾ ತಿಂದಾಗ ಮಾತ್ರ ತಲೆನೋವು ಮತ್ತು ಎದೆನೋವು ಮೊದಲಿಗಿಂತ ಕಡಿಮೆಯಾದವು, ಸೆಳೆತ ಮತ್ತು ಬಾವು ಇನ್ನೊಂದು ಪುಡಿಗಿಂತ ಚೆನ್ನಾಗಿ ಇಳಿದವು. 23 ಜನ ಎಂದರೆ ಬಹಳ ಸಣ್ಣ ಗುಂಪು. ಅದಕ್ಕೇ "ಸೋಯಾ ಗುಣ ಮಾಡುತ್ತದೆ" ಎಂದು ನಾನು ಯಾರಿಗೂ ಹೇಳುವುದಿಲ್ಲ, ಮೂರು ತಿಂಗಳು ತಿಂದು ನೋಡಬಹುದು ಎನ್ನುತ್ತೇನೆ.

ನನ್ನ ತವರು ಬೈಲಹೊಂಗಲದ ಕಡೆ. ಮುಂಗಾರಿಗೆ ಹೊಲದ ತುಂಬ ಸೋಯಾ ಬಿತ್ತುತ್ತಾರೆ. ಬೆಳಗಾವಿ, ಧಾರವಾಡ, ಬೀದರ ಜಿಲ್ಲೆಗಳಲ್ಲೆಲ್ಲ ಹಾಗೇ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ತುಕ್ಕುರೋಗ ತಡೆಯುವ ತಳಿಯನ್ನೇ ಕೊಟ್ಟಿದೆ. ಆದರೆ ರಾಶಿಯಾದ ಸೋಯಾ ಎಣ್ಣೆ ಗಿರಣಿಗೆ ಹೋಗುತ್ತದೆ, ಬೆಳೆದ ಮನೆಯ ಒಲೆಗೆ ಬರುವುದು ಅಪರೂಪ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಇಷ್ಟು ಪ್ರೋಟೀನ್ ಇರುವ ಕಾಳು ನಮ್ಮ ಹೆಣ್ಣುಮಕ್ಕಳ ಕಣ್ಣೆದುರೇ ಚೀಲ ತುಂಬಿ ಹೋಗುತ್ತದೆ.

ಒಣ ಸೋಯಾ ಕಾಳು 100 ಗ್ರಾಂನಲ್ಲಿ ಐಸೋಫ್ಲೇವೋನ್ ಸುಮಾರು 150 ಮಿಲಿಗ್ರಾಂ. ತಳಿ, ನೆಲ ಬದಲಾದಂತೆ ಇದು ಹೆಚ್ಚು ಕಡಿಮೆಯಾಗುತ್ತದೆ. ಬೇಯಿಸಿದ ಕಾಳಿನಲ್ಲಿ 100 ಗ್ರಾಂಗೆ ಸುಮಾರು 65. ಅಂದರೆ 40ರಿಂದ 45 ಗ್ರಾಂ ಒಣ ಕಾಳು, ಬೆಂದ ಮೇಲೆ ಒಂದು ಸಣ್ಣ ಬಟ್ಟಲು, ಆ ಅಧ್ಯಯನದ ಪ್ರಮಾಣಕ್ಕೆ ಹತ್ತಿರ ಬರುತ್ತದೆ. ರಾತ್ರಿ ನೆನೆಹಾಕಿ. ಬೆಳಿಗ್ಗೆ ಆ ನೀರು ಚೆಲ್ಲಿ, ಕೈಯಿಂದ ತಿಕ್ಕಿ ಸಿಪ್ಪೆ ತೆಗೆಯಿರಿ. ಕುದಿಯುತ್ತಿರುವ ನೀರಿಗೇ ಕಾಳು ಹಾಕಿದರೆ ಹಸಿ ವಾಸನೆ ಹೋಗುತ್ತದೆ, ತಣ್ಣೀರಿಗೆ ಹಾಕಿ ಬಿಸಿ ಮಾಡಿದರೆ ಉಳಿಯುತ್ತದೆ. ಆಮೇಲೆ ಕುಕ್ಕರಿನಲ್ಲಿ ಬೆರಳಿಗೆ ಹಿಚುಕುವಷ್ಟು ಮೆತ್ತಗೆ ಬೇಯಿಸಿ. ಅರೆಬೆಂದದ್ದು ತಿನ್ನಬಾರದು, ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶ ಹಸಿ ಸೋಯಾದಲ್ಲಿದೆ. ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಹಾಕಿ, ಒಂದಷ್ಟು ಐಸೋಫ್ಲೇವೋನ್ ಅದರಲ್ಲಿ ಇಳಿದಿರುತ್ತದೆ. ಕಾಳಿಗೆ ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟು ಉಸುಳಿ ಮಾಡಿ, ಮೇಲೆ ಲಿಂಬೆಹಣ್ಣು ಹಿಂಡಿ. ಲಿಂಬೆ ಬರೀ ರುಚಿಗಲ್ಲ. ಸೋಯಾದ ಫೈಟೇಟ್ ಕಬ್ಬಿಣ ಹೀರುವುದನ್ನು ತಡೆಯುತ್ತದೆ, ಹುಳಿ ಅದನ್ನು ಸ್ವಲ್ಪ ಸರಿದೂಗಿಸುತ್ತದೆ.

ಅರ್ಧ ಬೆಳಿಗ್ಗೆ, ಅರ್ಧ ರಾತ್ರಿ ತಿನ್ನಿ. ಐಸೋಫ್ಲೇವೋನ್ ರಕ್ತದಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ, ಏಳೆಂಟು ತಾಸಿನಲ್ಲಿ ಅರ್ಧಕ್ಕಿಳಿಯುತ್ತದೆ.

ಗಿರಣಿಯಲ್ಲಿ ಗೋಧಿಗೆ ಸೋಯಾ ಸೇರಿಸಿ ಬೀಸಿಸುವವರು ಬಹಳ ಮಂದಿ. ಹತ್ತು ಕಿಲೋ ಗೋಧಿಗೆ ಒಂದು ಕಿಲೋ ಸೋಯಾ ಎಂದರೆ, ನಾಲ್ಕು ಚಪಾತಿಯಲ್ಲಿ ಸಿಗುವುದು 15 ಮಿಲಿಗ್ರಾಂ ಆಸುಪಾಸು. ಪ್ರೋಟೀನಿಗೆ ಒಳ್ಳೆಯದು, ಈ ಉದ್ದೇಶಕ್ಕೆ ಸಾಲದು. ಬೀಸಿಸುವ ಮೊದಲು ಸೋಯಾ ಹುರಿದಿರಬೇಕು. ಟೋಫು 100 ಗ್ರಾಂನಲ್ಲಿ 20ರಿಂದ 30 ಮಿಲಿಗ್ರಾಂ ಇರುತ್ತದೆ. ಮೀಲ್ ಮೇಕರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಎಣ್ಣೆ ತೆಗೆದ ಹಿಟ್ಟಿನಿಂದ ಮಾಡಿದ್ದರಲ್ಲಿ ಐಸೋಫ್ಲೇವೋನ್ ಉಳಿದಿರುತ್ತದೆ, ಆಲ್ಕೋಹಾಲಿನಲ್ಲಿ ತೊಳೆದ ಪ್ರೋಟೀನಿನಿಂದ ಮಾಡಿದ್ದರಲ್ಲಿ ಬಹುಪಾಲು ಹೋಗಿರುತ್ತದೆ, ಪಾಕೀಟಿನ ಮೇಲೆ ಇದನ್ನು ಬರೆದಿರುವುದು ಅಪರೂಪ. ಸೋಯಾ ಎಣ್ಣೆ, ಸೋಯಾ ಸಾಸ್‌ನಲ್ಲಿ ಲೆಕ್ಕಕ್ಕೆ ಸಿಗುವಷ್ಟು ಇಲ್ಲ.

ಒಬ್ಬಳಿಗೆ ಉಪಯೋಗವಾಗಿ ಅವಳ ಅಕ್ಕನಿಗೆ ಆಗದಿರಲು ಒಂದು ಕಾರಣ ಕರುಳಿನಲ್ಲೇ ಇರಬಹುದು. ಡೈಡ್ಜೀನನ್ನು ಈಕ್ವಾಲ್ ಎಂಬ, ಇನ್ನಷ್ಟು ಬಲದ ವಸ್ತುವಾಗಿ ಬದಲಾಯಿಸುವ ಬ್ಯಾಕ್ಟೀರಿಯಾಗಳು ಎಲ್ಲರಲ್ಲೂ ಇಲ್ಲ. ಪಾಶ್ಚಾತ್ಯ ದೇಶಗಳಲ್ಲಿ ನಾಲ್ವರಲ್ಲಿ ಒಬ್ಬರಿಗೆ, ಸೋಯಾ ಹೆಚ್ಚು ತಿನ್ನುವ ಜಪಾನಿನಂಥ ಕಡೆ ಸುಮಾರು ಅರ್ಧ ಜನರಿಗೆ ಇವೆ.

ಗುಳಿಗೆಯೇ ಬೇಕು ಎನ್ನುವವರಿಗೆ

ಆಹಾರದಲ್ಲಿ ಆಗುವುದಾದರೆ ಆಹಾರವೇ ಇರಲಿ, ನಾನು ಮಾರುವವಳಾಗಿಯೂ ಇದನ್ನೇ ಹೇಳುತ್ತೇನೆ. ಹಾಸ್ಟೆಲಿನಲ್ಲಿದ್ದು ಕಾಳು ಬೇಯಿಸಲಾಗದವರು ಗುಳಿಗೆ ಕೊಂಡರೆ ಲೇಬಲ್ ತಿರುಗಿಸಿ ಓದಿ. "ಸೋಯಾ ಎಕ್ಸ್‌ಟ್ರ್ಯಾಕ್ಟ್ 100 ಮಿ.ಗ್ರಾಂ, 40%" ಎಂದಿದ್ದರೆ ಐಸೋಫ್ಲೇವೋನ್ ಇರುವುದು 40 ಮಿಲಿಗ್ರಾಂ. ಅದೂ ಸಕ್ಕರೆ ಅಂಟಿದ ಗ್ಲೈಕೋಸೈಡ್ ರೂಪದ ತೂಕವಾದರೆ ಕೆಲಸಕ್ಕೆ ಬರುವ ಭಾಗ ಅದರ ಅರವತ್ತು ಶೇಕಡಾ ಮಾತ್ರ. ಎಷ್ಟು ಮಿಲಿಗ್ರಾಂ ಎಂದೇ ಬರೆಯದೆ ಹತ್ತು ಗಿಡಮೂಲಿಕೆಗಳ ಹೆಸರು ಹಾಕಿದ್ದರೆ ಡಬ್ಬಿ ಕೆಳಗಿಡಿ.

ಮೆಂತ್ಯದ ಡಯೋಸ್ಜೆನಿನ್ ದೇಹದಲ್ಲಿ ಹಾರ್ಮೋನಾಗುತ್ತದೆ ಎಂದು ಕೆಲವರು ಮಾರುತ್ತಾರೆ. ಪ್ರಯೋಗಾಲಯದಲ್ಲಿ ಅದರಿಂದ ಹಾರ್ಮೋನು ತಯಾರಿಸುವುದು ನಿಜ, ನಮ್ಮ ದೇಹಕ್ಕೆ ಆ ಶಕ್ತಿ ಇಲ್ಲ. ಯುರೋಪಿನಲ್ಲಿ ಮುಟ್ಟಿನ ಮುಂಚಿನ ತೊಂದರೆಗೆ ಕೊಡುವ ವೈಟೆಕ್ಸ್ ಆಗ್ನಸ್-ಕಾಸ್ಟಸ್ ಎಂಬ ಗಿಡದ ಹಣ್ಣಿಗೆ ಆಧಾರ ಇದಕ್ಕಿಂತ ಚೆನ್ನಾಗಿದೆ. 2001ರಲ್ಲಿ ಜರ್ಮನಿಯ 170 ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ಫಲ ಕಂಡಿತ್ತು. ಅದು ನಮ್ಮ ಲಕ್ಕಿ ಗಿಡದ ಹತ್ತಿರದ ಬಳಗ. ಹಾಗೆಂದು ಬೇಲಿಯ ಲಕ್ಕಿ ಸೊಪ್ಪು ಕಿತ್ತು ಕಷಾಯ ಮಾಡಬೇಡಿ, ಅದು ಬೇರೆ ಗಿಡ.

ಯಾರಿಗೆ ಬೇಡ

ಬಸುರಿಯರು ಮತ್ತು ಬಸಿರಿಗೆ ಪ್ರಯತ್ನಿಸುತ್ತಿರುವವರು ಐಸೋಫ್ಲೇವೋನ್ ಗುಳಿಗೆ, ದಿನಾ 25 ಗ್ರಾಂ ಅಗಸಿ ಎರಡನ್ನೂ ಬಿಡಿ. ಸ್ತನ ಅಥವಾ ಗರ್ಭಕೋಶದ ಕ್ಯಾನ್ಸರ್ ಆಗಿದ್ದವರು, ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವವರು ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳದೆ ಗುಳಿಗೆ ಮುಟ್ಟಬೇಡಿ. ಫೈಬ್ರಾಯ್ಡ್, ಎಂಡೋಮೆಟ್ರಿಯೋಸಿಸ್ ಇದ್ದವರು, ರಕ್ತ ತೆಳುವಾಗಿಸುವ ಮಾತ್ರೆಯವರು ಕೂಡ ಕೇಳಿಯೇ ಶುರು ಮಾಡಿ. ಶೇಂಗಾ ಅಲರ್ಜಿ ಇರುವವರು ಸೋಯಾದ ಬಗ್ಗೆ ಎಚ್ಚರದಿಂದಿರಿ.

ಥೈರಾಯ್ಡ್ ಮಾತ್ರೆ ನುಂಗುವವರಿಗೆ ಎರಡು ಸಲ ಹೇಳುತ್ತೇನೆ, ಯಾಕೆಂದರೆ ಅವರ ಸಂಖ್ಯೆ ದೊಡ್ಡದು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ನುಂಗಿ ಅರ್ಧ ತಾಸಿಗೆ ಸೋಯಾ ಹಾಲು ಕುಡಿದರೆ ಮಾತ್ರೆ ಪೂರ್ತಿ ಹೀರಿಕೊಳ್ಳುವುದಿಲ್ಲ. ನಾಲ್ಕು ತಾಸು ಅಂತರ ಇಡಿ, ಸೋಯಾ ಶುರು ಮಾಡಿದ ಎರಡು ತಿಂಗಳಿಗೆ ಟಿಎಸ್ಎಚ್ (ಥೈರಾಯ್ಡಿನ ರಕ್ತಪರೀಕ್ಷೆ) ನೋಡಿಸಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ಇದೇ ಅಂತರ.

ಎದೆಯಲ್ಲಿ ಕೈಗೆ ಸಿಗುವ ಗಂಟು ಮುಟ್ಟಿನ ನಂತರವೂ ಉಳಿದರೆ, ಒಂದೇ ಕಡೆ ನೋವಿದ್ದರೆ, ತೊಟ್ಟಿನಿಂದ ರಕ್ತ ಬಂದರೆ ಮೂರು ತಿಂಗಳು ಕಾಯಬೇಡಿ.

ಮನಸ್ಸಿನ ಅಂಕೆ ಪ್ರತಿ ತಿಂಗಳೂ 3 ಇದ್ದು, ಆ ದಿನಗಳಲ್ಲಿ ಸಾಯಬೇಕು ಅನಿಸಿದರೆ ಅದು ಬೇರೆಯೇ ಮಟ್ಟದ ಕಾಯಿಲೆ. ವೈದ್ಯರು ಅದನ್ನು ಪಿಎಂಡಿಡಿ ಎನ್ನುತ್ತಾರೆ, ಅದಕ್ಕೆ ಪರಿಣಾಮಕಾರಿ ಔಷಧಗಳಿವೆ. ಮನೋವೈದ್ಯರನ್ನು ಕಾಣಿ. ರಾತ್ರಿಯೇ ಹಾಗನಿಸಿದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಮೂರು ಮುಟ್ಟು ಕಳೆದ ಮೇಲೆ

ಮೊದಲ ಎರಡು ತಿಂಗಳ ಹಾಳೆ, ಕೊನೆಯ ಎರಡು ತಿಂಗಳ ಹಾಳೆ ಪಕ್ಕಪಕ್ಕ ಇಟ್ಟು ನೀವು ಆರಿಸಿಕೊಂಡ ತೊಂದರೆಯ ಅಂಕೆ ಕೂಡಿಸಿ. ಅರ್ಧದಷ್ಟು ಇಳಿದಿದ್ದರೂ ಕೂಡಲೇ ಒಪ್ಪಿಕೊಳ್ಳಬೇಡಿ. ಈ ತೊಂದರೆಯಲ್ಲಿ ಔಷಧವಿಲ್ಲದ ಮಾತ್ರೆಗೂ ಬಹಳ ಜನಕ್ಕೆ ಹಗುರಾಗುತ್ತದೆ. 1998ರಲ್ಲಿ ಅಮೆರಿಕದಲ್ಲಿ ನಡೆದ ಕ್ಯಾಲ್ಸಿಯಂ ಅಧ್ಯಯನದಲ್ಲಿ ದಿನಕ್ಕೆ 1,200 ಮಿಲಿಗ್ರಾಂ ತೆಗೆದುಕೊಂಡವರ ಲಕ್ಷಣಗಳು ಮೂರನೇ ಚಕ್ರಕ್ಕೆ 48 ಶೇಕಡಾ ಇಳಿದವು, ಸುಮ್ಮನೆ ಮಾತ್ರೆ ತಿಂದವರಲ್ಲೂ 30 ಶೇಕಡಾ ಇಳಿದಿತ್ತು. ಹಾಗಾಗಿ ಒಂದು ತಿಂಗಳು ನಿಲ್ಲಿಸಿ ನೋಡಿ. ನೋವು ಮರಳಿದರೆ ಮತ್ತೆ ಶುರು ಮಾಡಿ, ಮರಳದಿದ್ದರೆ ಬಿಟ್ಟೇಬಿಡಿ.

ಏನೂ ಇಳಿಯದಿದ್ದರೆ ಪ್ರಮಾಣ ದುಪ್ಪಟ್ಟು ಮಾಡಲು ಹೋಗಬೇಡಿ. ಮುಂದೆ ಕ್ಯಾಲ್ಸಿಯಂ ಕಡೆ ತಿರುಗಿ, ಅದಕ್ಕೆ ಆಧಾರ ಸೋಯಾಗಿಂತ ಗಟ್ಟಿ, ಮತ್ತು ಅದೇ ಅಧ್ಯಯನದಲ್ಲಿ ಮನಸ್ಸಿನ ಲಕ್ಷಣಗಳೂ ಇಳಿದಿದ್ದವು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಒಂದು ರಾಗಿ ಮುದ್ದೆ, ಎರಡು ಬಟ್ಟಲು ಮೊಸರು, ಒಂದು ಲೋಟ ಹಾಲು ಸೇರಿದರೆ 1,200ರ ಅರ್ಧಕ್ಕಿಂತ ಹೆಚ್ಚು ಊಟದಲ್ಲೇ ಬರುತ್ತದೆ, ಉಳಿದದ್ದಕ್ಕೆ 500ರ ಒಂದು ಮಾತ್ರೆ ಊಟದ ಜೊತೆ ಸಾಕು. ಕಿಡ್ನಿಯಲ್ಲಿ ಕಲ್ಲಾಗಿದ್ದವರು ಆ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ.